ಅರ್ಥಶಾಸ್ತ್ರಜ್ಞರ ರಾಜಕೀಯ ಅವರ ಲೆಕ್ಕಕ್ಕೂ ಅಂಟಿಕೊಳ್ಳುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಜೆಟ್ ಮಂಡನೆಯಾದ ಸಂಜೆ ಟಿವಿಯಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಒಂದೇ ಯೋಜನೆಯ ಬಗ್ಗೆ ಪೂರ್ತಿ ಉಲ್ಟಾ ಮಾತಾಡುತ್ತಾರೆ. ನೋಡುವವರು "ಇವರು ಆ ಪಾರ್ಟಿ, ಅವರು ಈ ಪಾರ್ಟಿ" ಅಂದು ಚಾನೆಲ್ ಬದಲಿಸುತ್ತಾರೆ. ಹಾಗೆ ಬಿಟ್ಟುಬಿಟ್ಟರೆ ನಷ್ಟ ನಮಗೇ. ಕೂಲಿ, ಪಡಿತರ, ತೆರಿಗೆ, ಬಸ್ ಟಿಕೆಟ್ ಎಲ್ಲದರ ತೀರ್ಮಾನದ ಹಿಂದೆಯೂ ಇಂಥವರ ಲೆಕ್ಕ ಇರುತ್ತದೆ. ಅದಕ್ಕೇ ಈ ಪ್ರಶ್ನೆಗಳಿಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ನೇರವಾಗಿ ಹೇಳಿ, ರಾಜಕೀಯ ನಿಲುವು ಲೆಕ್ಕದೊಳಗೆ ನುಸುಳುತ್ತಾ ಇಲ್ವಾ?

ನುಸುಳುತ್ತದೆ. ಆದರೆ ನಾವು ಅಂದುಕೊಳ್ಳುವ ಜಾಗದಲ್ಲಿ ಅಲ್ಲ.

ಬೇಕಂತಲೇ ಅಂಕಿ ತಿದ್ದುವವರು ತೀರಾ ಕಡಿಮೆ. ನಿಲುವು ಕೆಲಸ ಮಾಡುವುದು ಲೆಕ್ಕ ಶುರುವಾಗುವ ಮೊದಲು. ಯಾವ ಪ್ರಶ್ನೆ ಕೇಳಬೇಕು, ಯಾವ ಊರನ್ನು ಯಾವ ಊರಿನ ಜೊತೆ ಹೋಲಿಸಬೇಕು, ಯಾರನ್ನು ಲೆಕ್ಕದಿಂದ ಹೊರಗಿಡಬೇಕು ಅನ್ನುವ ಹಂತದಲ್ಲಿ. ಆಮೇಲೆ ಇನ್ನೊಂದು ಸಲ ಕೊನೆಯಲ್ಲಿ, ಬಂದ ಉತ್ತರ ಹಿಡಿದುಕೊಂಡು "ಹಾಗಾಗಿ ಸರ್ಕಾರ ಹೀಗೆ ಮಾಡಬೇಕು" ಅನ್ನುವಾಗ. ನಡುವಿನ ಕೂಡಿಸುವ ಕಳೆಯುವ ಕೆಲಸ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ನಾವು ಅನುಮಾನದಿಂದ ನೋಡುವುದು ಮಾತ್ರ ಆ ನಡುವಿನ ಭಾಗವನ್ನೇ.

ಒಂದು ಉದಾಹರಣೆ ಕೊಡ್ತೀರಾ?

ನನಗೆ ಮೊದಲು ನೆನಪಾಗುವುದು ಮಯಾಮಿ. 1980ರ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಕ್ಯೂಬಾದ ಮೇರಿಯಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಅರ್ಧದಷ್ಟು ಜನ ಮಯಾಮಿಯಲ್ಲೇ ಉಳಿದರು. ಕೆಲವೇ ತಿಂಗಳಲ್ಲಿ ಆ ಊರಿನ ದುಡಿಯುವವರ ಸಂಖ್ಯೆ ಸುಮಾರು 7% ಏರಿತು. ವಲಸೆ ಬಂದವರಿಂದ ಸ್ಥಳೀಯರ ಕೂಲಿ ಇಳಿಯುತ್ತಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಕಷ್ಟ.

1990ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾ ಜೊತೆ ಹೋಲಿಸಿ, ಸ್ಥಳೀಯರ ಕೂಲಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬಿದ್ದಿಲ್ಲ ಅಂದರು. ವಲಸೆ ಪರ ಇರುವವರಿಗೆ ಇದು ದೊಡ್ಡ ಆಧಾರವಾಯಿತು. ಕಾಲು ಶತಮಾನದ ನಂತರ ಹಾರ್ವರ್ಡ್‌ನ ಜಾರ್ಜ್ ಬೋರ್ಹಾಸ್ ಅದೇ ಘಟನೆಯನ್ನು ಮತ್ತೆ ತೆಗೆದರು. ಅವರಿಗೆ ಬಂದ ಉತ್ತರವೇ ಬೇರೆ: ಹೈಸ್ಕೂಲು ಮುಗಿಸದ ಗಂಡಸರ ಕೂಲಿ 10ರಿಂದ 30% ಬಿದ್ದಿತ್ತು. ವಲಸೆಗೆ ಕಡಿವಾಣ ಬೇಕು ಅನ್ನುವವರು ಇದನ್ನು ಹಿಡಿದುಕೊಂಡರು. ಬೋರ್ಹಾಸ್ ಹುಟ್ಟಿದ್ದೇ ಹವಾನಾದಲ್ಲಿ, 1962ರಲ್ಲಿ ಅಮೆರಿಕಕ್ಕೆ ಬಂದವರು. ಹಾಗಾಗಿ "ಇವರಿಗೆ ವಲಸಿಗರನ್ನು ಕಂಡರಾಗದು" ಅಂತ ಸುಮ್ನೆ ಹೇಳಿ ಮುಗಿಸೋಕೆ ಆಗಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಬೋರ್ಹಾಸ್ ನೋಡಿದ್ದು 25ರಿಂದ 59 ವರ್ಷದೊಳಗಿನ, ಹೈಸ್ಕೂಲು ಮುಗಿಸದ, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) ಅಲ್ಲದ ಗಂಡಸರನ್ನು ಮಾತ್ರ. ಹೊಸಬರ ಜೊತೆ ನೇರ ಪೈಪೋಟಿಗೆ ಬೀಳುವವರು ಇವರೇ ಅನ್ನುವುದು ಅವರ ವಾದ. ಒಪ್ಪಬಹುದಾದ ವಾದವೇ. ಆದರೆ ಹಾಗೆ ಸೋಸಿದ ಮೇಲೆ ಒಂದು ಮುಖ್ಯ ಸಮೀಕ್ಷೆಯಲ್ಲಿ ಮಯಾಮಿಯವರು ಅಂತ ಉಳಿದದ್ದು ವರ್ಷಕ್ಕೆ ಇಪ್ಪತ್ತರ ಆಸುಪಾಸು ಜನ! ಜೊವಾನಿ ಪೆರಿ ಮತ್ತು ವಾಸಿಲ್ ಯಾಸೆನೊವ್ ಹೆಂಗಸರನ್ನೂ ಕ್ಯೂಬಾದವರಲ್ಲದ ಹಿಸ್ಪಾನಿಕ್ ಜನರನ್ನೂ ಸೇರಿಸಿ ನೋಡಿದಾಗ ಆ ಕುಸಿತ ಕಾಣಲಿಲ್ಲ. ಮೈಕಲ್ ಕ್ಲೆಮೆನ್ಸ್ ಮತ್ತು ಜೆನಿಫರ್ ಹಂಟ್ ಇನ್ನೊಂದು ವಿಷಯ ಎತ್ತಿ ತೋರಿಸಿದರು: ಅದೇ ವರ್ಷಗಳಲ್ಲಿ ಸಮೀಕ್ಷೆಯೊಳಗೆ ಕಪ್ಪು ಗಂಡಸರ ಪಾಲು ಜಾಸ್ತಿಯಾಗಿತ್ತು. ಅವರ ಸರಾಸರಿ ಕೂಲಿ ಮೊದಲಿನಿಂದಲೂ ಕಡಿಮೆ. ಹಾಗಾಗಿ ಯಾರ ಕೂಲಿಯೂ ಇಳಿಯದಿದ್ದರೂ ಸರಾಸರಿ ಇಳಿದಂತೆ ಕಾಣಬಹುದು. ಬೋರ್ಹಾಸ್ ಇದನ್ನು ಒಪ್ಪಲಿಲ್ಲ, ಉತ್ತರ ಕೊಟ್ಟರು. ಜಗಳ ಇನ್ನೂ ಮುಗಿದಿಲ್ಲ.

ಇಲ್ಲಿ ಯಾರೂ ಅಂಕಿ ಸೃಷ್ಟಿಸಿಲ್ಲ. ಒಬ್ಬೊಬ್ಬರ ಆಯ್ಕೆಗೂ ಹೇಳಿಕೊಳ್ಳುವಂಥ ಕಾರಣ ಇದೆ. ಆದರೂ "ಯಾರನ್ನು ಎಣಿಸಬೇಕು" ಅನ್ನುವ ಒಂದು ತೀರ್ಮಾನದ ಮೇಲೆ ಪೂರ್ತಿ ಉತ್ತರ ತಲೆಕೆಳಗಾಯಿತು.

ಇದು ಒಂದು ಜಗಳದ ಕಥೆ. ನಿಲುವಿಗೂ ಉತ್ತರಕ್ಕೂ ನಂಟಿದೆ ಅಂತ ಯಾರಾದರೂ ಅಳೆದು ತೋರಿಸಿದ್ದಾರಾ?

ತೋರಿಸಿದ್ದಾರೆ. ಜುಬಿನ್ ಜೆಲ್ವೆ, ಬ್ರೂಸ್ ಕೋಗಟ್, ಸುರೇಶ್ ನಾಯ್ಡು ಮೂವರೂ ಸೇರಿ ಅಮೆರಿಕದ ಅರ್ಥಶಾಸ್ತ್ರಜ್ಞರಲ್ಲಿ ಯಾರು ಯಾವ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದಾರೆ, ಯಾವ ಮನವಿಗೆ ಸಹಿ ಹಾಕಿದ್ದಾರೆ ಅಂತ ಹುಡುಕಿದರು. ಅಂಥವರ ಪ್ರಬಂಧಗಳಲ್ಲಿ ಬರುವ ಪದಗಳನ್ನು ಕಂಪ್ಯೂಟರಿಗೆ ಕೊಟ್ಟು, ಬರಹ ನೋಡಿಯೇ ಬರೆದವರ ರಾಜಕೀಯ ಒಲವು ಊಹಿಸಬಹುದಾ ಅಂತ ನೋಡಿದರು. ತಕ್ಕಮಟ್ಟಿಗೆ ಊಹಿಸಬಹುದಿತ್ತು. ಅಷ್ಟೇ ಅಲ್ಲ, ತೆರಿಗೆ, ಕೂಲಿಯಂಥ ವಿಷಯಗಳಲ್ಲಿ ಅವರು ಕೊಟ್ಟ ಅಂಕಿಗಳೂ ಅವರ ಒಲವಿನ ಕಡೆಗೇ ವಾಲಿದ್ದವು.

ಇನ್ನೊಂದು ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ವಲಸೆ ಹೆಚ್ಚಾದರೆ ಸರ್ಕಾರಿ ಕಲ್ಯಾಣ ಯೋಜನೆಗಳಿಗೆ ಜನಬೆಂಬಲ ಕಡಿಮೆಯಾಗುತ್ತಾ ಅನ್ನುವ ಒಂದೇ ಪ್ರಶ್ನೆಯನ್ನು, ಒಂದೇ ದತ್ತಾಂಶದ ಜೊತೆ, 73 ತಂಡಗಳಿಗೆ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಕೆಲವರು ಕಡಿಮೆಯಾಗುತ್ತದೆ ಅಂದರು, ಕೆಲವರು ಹೆಚ್ಚುತ್ತದೆ ಅಂದರು, ತುಂಬ ಜನ ಏನೂ ಆಗಲ್ಲ ಅಂದರು. ಸಂಶೋಧಕರ ಮೊದಲಿನ ನಂಬಿಕೆಗೂ ಉತ್ತರಕ್ಕೂ ದೊಡ್ಡ ನಂಟಿಲ್ಲ ಅಂತಲೇ ಆಗ ಬರೆದರು. ಆಮೇಲೆ ಬೋರ್ಹಾಸ್ (ಮೇಲೆ ಹೇಳಿದವರೇ) ಮತ್ತು ಆ ಪ್ರಯೋಗ ನಡೆಸಿದ ನೇಟ್ ಬ್ರೆಜ್ನೌ ಒಟ್ಟಿಗೆ ಕೂತು ಅದನ್ನು ಮತ್ತೆ ಕೆದಕಿದಾಗ ನಂಟು ಕಂಡಿತು. ವಲಸೆಯನ್ನು ಇಷ್ಟಪಡುವವರ ತಂಡಗಳ ಉತ್ತರ ಒಂದು ಕಡೆಗೆ, ವಿರೋಧಿಸುವವರದು ಇನ್ನೊಂದು ಕಡೆಗೆ ಸರಿದಿತ್ತು. ದತ್ತಾಂಶ ಎಲ್ಲರದೂ ಒಂದೇ. ಬೇರೆಯಾಗಿದ್ದು ವಿಧಾನದ ಆಯ್ಕೆ.

ಇವರಿಗೆ ತಮ್ಮ ಒಲವು ತಮಗೇ ಗೊತ್ತಿರಲ್ವಾ?

ಬಹಳ ಜನಕ್ಕೆ ಗೊತ್ತಿರಲ್ಲ ಅಂತಲೇ ಕಾಣುತ್ತದೆ. ಮೊಹ್ಸೆನ್ ಜಾವ್ದಾನಿ ಮತ್ತು ಹಾ-ಜೂನ್ ಚಾಂಗ್ 19 ದೇಶಗಳ 2,425 ಅರ್ಥಶಾಸ್ತ್ರಜ್ಞರ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಅವೇ ಹೇಳಿಕೆಗಳು. ಆದರೆ ಹೇಳಿದವರ ಹೆಸರು ಮಾತ್ರ ಬದಲು. ಕೆಲವರಿಗೆ ಮುಖ್ಯಧಾರೆಯ ದೊಡ್ಡ ಹೆಸರು, ಕೆಲವರಿಗೆ ಅದರಿಂದ ಹೊರಗಿರುವವರ ಹೆಸರು, ಇನ್ನು ಕೆಲವರಿಗೆ ಹೆಸರೇ ಇಲ್ಲ. ದೊಡ್ಡ ಹೆಸರಿನ ಬದಲು ಹೊರಗಿನವರ ಹೆಸರು ಹಾಕಿದಾಗ ಒಪ್ಪಿಗೆ ಕಡಿಮೆಯಾಯಿತು, ಹೆಸರು ತೆಗೆದಾಗಲೂ ಕಡಿಮೆಯಾಯಿತು. ಇವರಲ್ಲಿ ಹೆಚ್ಚಿನವರು, ಹೇಳಿಕೆಯನ್ನು ತೂಗುವಾಗ ಅದರ ತಿರುಳನ್ನಷ್ಟೇ ನೋಡಬೇಕು ಅಂತ ಅದೇ ಸಮೀಕ್ಷೆಯಲ್ಲಿ ಹೇಳಿದ್ದವರು.

ಇದು ನನಗೆ ನಿಜಕ್ಕೂ ಕಳವಳ ತರುವ ವಿಷಯ. ಒಲವಿದೆ ಅಂತ ಗೊತ್ತಿರುವವನು ಹುಷಾರಾಗಿರಬಹುದು. ಇಲ್ಲವೇ ಇಲ್ಲ ಅಂದುಕೊಂಡವನನ್ನು ತಡೆಯುವವರು ಯಾರು?

ಅರ್ಥಶಾಸ್ತ್ರಜ್ಞರೆಲ್ಲ ಬಲಪಂಥದವರು ಅಂತಾರೆ, ನಿಜಾನಾ?

ಅಮೆರಿಕದಲ್ಲಿ ನಿಜ ಅಲ್ಲ. ಅಲ್ಲಿನ 40 ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರ ಮತದಾರರ ನೋಂದಣಿ ನೋಡಿ 2016ರಲ್ಲಿ ಲೆಕ್ಕ ಹಾಕಿದ್ದರು. ಅಲ್ಲಿ ರಿಪಬ್ಲಿಕನ್ ಬಲಕ್ಕಿರುವ ಪಕ್ಷ, ಡೆಮಾಕ್ರಾಟ್ ಎಡಕ್ಕಿರುವ ಪಕ್ಷ. ಅರ್ಥಶಾಸ್ತ್ರದಲ್ಲಿ ಒಬ್ಬ ರಿಪಬ್ಲಿಕನ್‌ಗೆ 4.5 ಡೆಮಾಕ್ರಾಟ್‌ಗಳಿದ್ದರು. ಇತಿಹಾಸ ವಿಭಾಗದಲ್ಲಿ ಒಬ್ಬರಿಗೆ 33.5! ಅಂದರೆ ಅರ್ಥಶಾಸ್ತ್ರಜ್ಞರು ಉಳಿದ ವಿಭಾಗದವರಿಗಿಂತ ಬಲಕ್ಕಿದ್ದಾರೆ, ದೇಶದ ಸಾಮಾನ್ಯ ಮತದಾರರಿಗಿಂತ ಎಡಕ್ಕಿದ್ದಾರೆ. ಎಡದವರೂ ಬಲದವರೂ ಇಬ್ಬರೂ ದೂರುವುದು ಅದಕ್ಕೇ. ನಮ್ಮಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರು ಇರುವುದಿಲ್ಲ, ಹಾಗಾಗಿ ಇಂಥ ಎಣಿಕೆಗೆ ದಾರಿಯೂ ಇಲ್ಲ.

ಕನಿಷ್ಠ ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಅನ್ನೋದು ಲೆಕ್ಕವಾ, ರಾಜಕೀಯವಾ?

ಮೊದಲು ಅದು ಪಠ್ಯಪುಸ್ತಕದ ಮಾತಾಗಿತ್ತು. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಕೂಲಿಯೂ ಒಂದು ಬೆಲೆಯೇ ತಾನೇ. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ರಾಜ್ಯ ಗಂಟೆಯ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಅಂಗಡಿಗಳನ್ನು, ಹೆಚ್ಚಾಗಿ ಫೋನ್ ಮೂಲಕ, ಏರಿಕೆಗೆ ಮೊದಲೊಮ್ಮೆ ನಂತರೊಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ.

ಇದಕ್ಕೆ ಬಂದ ಪ್ರತಿಕ್ರಿಯೆ ನೋಡಿ. 1986ರಲ್ಲಿ ನೊಬೆಲ್ ಪಡೆದಿದ್ದ ಜೇಮ್ಸ್ ಬುಕಾನನ್ 1996ರಲ್ಲಿ ಪತ್ರಿಕೆಯಲ್ಲಿ ಬರೆಯುತ್ತಾ, ನೀರು ಗುಡ್ಡ ಹತ್ತಿ ಹರಿಯುತ್ತದೆ ಅಂತ ಯಾವ ಭೌತವಿಜ್ಞಾನಿಯೂ ಹೇಳಲ್ಲ, ಕನಿಷ್ಠ ಕೂಲಿ ಏರಿಸಿದರೆ ಉದ್ಯೋಗ ಹೆಚ್ಚುತ್ತದೆ ಅನ್ನುವುದೂ ಹಾಗೆಯೇ ಅಂದರು. ಅದರ ಜೊತೆ ಒಂದು ಹೊಲಸು ಬೈಗುಳವನ್ನೂ ಸೇರಿಸಿದ್ದರು. ಕಾರ್ಡ್ ಆಮೇಲೆ ಒಂದು ಸಂದರ್ಶನದಲ್ಲಿ, ಈ ವಿಷಯದಿಂದ ಸ್ನೇಹಿತರನ್ನು ಕಳೆದುಕೊಂಡೆ, ಅದಕ್ಕೇ ದೂರ ಉಳಿದೆ ಅನ್ನುವ ಅರ್ಥದಲ್ಲಿ ಹೇಳಿದರು. ಎರಡು ರಾಜ್ಯಗಳ ಬರ್ಗರ್ ಅಂಗಡಿಗಳ ಲೆಕ್ಕಕ್ಕೆ ಇಷ್ಟು ಸಿಟ್ಟು ಬರಬೇಕಾದರೆ ಅಲ್ಲಿ ಲೆಕ್ಕಕ್ಕಿಂತ ಜಾಸ್ತಿ ಏನೋ ಇತ್ತು ಅಲ್ವಾ?

ಆದರೆ ಟೀಕೆಯೆಲ್ಲ ಬರೀ ಸಿಟ್ಟಲ್ಲ. ಫೋನಲ್ಲಿ ಮ್ಯಾನೇಜರ್ ಹೇಳುವ ಸಂಖ್ಯೆ ಎಷ್ಟು ನಂಬಿಕೆಗೆ ಅರ್ಹ ಅನ್ನುವುದು ನ್ಯಾಯವಾದ ಪ್ರಶ್ನೆ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಅಂಗಡಿಗಳ ಸಂಬಳದ ದಾಖಲೆ ಹಿಡಿದು ನೋಡಿ, ಕೆಲಸ ಕಡಿಮೆಯಾಗಿದೆ ಅಂದರು. ಆ ದಾಖಲೆಗಳಲ್ಲಿ ಒಂದು ಭಾಗ ಬಂದದ್ದು ಹೋಟೆಲ್ ಉದ್ಯಮದ ದುಡ್ಡಿನಿಂದ ನಡೆಯುವ ಒಂದು ಸಂಸ್ಥೆಯಿಂದ. ಕಾರ್ಡ್ ಮತ್ತು ಕ್ರೂಗರ್ 2000ದಲ್ಲಿ ಸರ್ಕಾರಿ ದಾಖಲೆ ಹಿಡಿದು ಮತ್ತೆ ಲೆಕ್ಕ ಹಾಕಿದರು. ಕೆಲಸ ಕಡಿಮೆಯಾದದ್ದು ಅದರಲ್ಲೂ ಕಾಣಲಿಲ್ಲ. 2019ರಲ್ಲಿ ಬಂದ ಇನ್ನೊಂದು ಅಧ್ಯಯನ 1979ರಿಂದ 2016ರವರೆಗಿನ 138 ಕೂಲಿ ಏರಿಕೆಗಳನ್ನು ಒಟ್ಟಿಗೆ ನೋಡಿತು. ಐದು ವರ್ಷದವರೆಗೂ ಕಡಿಮೆ ಕೂಲಿಯ ಕೆಲಸಗಳ ಒಟ್ಟು ಸಂಖ್ಯೆ ಹೆಚ್ಚುಕಮ್ಮಿ ಹಾಗೇ ಇತ್ತು. 2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ನ್ಯೂಮಾರ್ಕ್ ಈಗಲೂ ಒಪ್ಪಿಲ್ಲ. ಅದೂ ಒಳ್ಳೆಯದೇ. ಇಬ್ಬರು ಗಟ್ಟಿಯಾಗಿ ಜಗಳವಾಡಿದ್ದರಿಂದಲೇ ವಿಧಾನ ಸುಧಾರಿಸಿತು.

ಸಾಲ ಜಾಸ್ತಿಯಾದರೆ ಬೆಳವಣಿಗೆ ನಿಲ್ಲುತ್ತದೆ ಅನ್ನುವ ಎಕ್ಸೆಲ್ ತಪ್ಪಿನ ಕಥೆ ಏನು?

ಕಾರ್ಮೆನ್ ರೀನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ, ಸರ್ಕಾರದ ಸಾಲ ಜಿಡಿಪಿಯ 90% ದಾಟಿದರೆ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, -0.1%ಕ್ಕೆ ಬೀಳುತ್ತದೆ ಅಂದಿದ್ದರು. ಯುರೋಪು, ಅಮೆರಿಕದಲ್ಲಿ ಖರ್ಚು ಕಡಿತ ಬೇಕು ಅನ್ನುವವರೆಲ್ಲ ಇದನ್ನು ಬಳಸಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಆ ಎಕ್ಸೆಲ್ ಕಡತ ತರಿಸಿಕೊಂಡು ನೋಡಿದ. ಸರಾಸರಿ ತೆಗೆಯುವ ಸೂತ್ರ 30ನೇ ಸಾಲಿನಿಂದ 49ರವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾದಿಂದ ಡೆನ್ಮಾರ್ಕ್‌ವರೆಗೆ ಐದು ದೇಶ ಬಿಟ್ಟುಹೋಗಿದ್ದವು. ಅದರ ಜೊತೆ ಕೆಲವು ವರ್ಷಗಳನ್ನು ಬಿಟ್ಟದ್ದು, ದೇಶಗಳಿಗೆ ಕೊಟ್ಟ ತೂಕ ಎಲ್ಲ ಸರಿಪಡಿಸಿದಾಗ ಹರ್ನ್‌ಡನ್ ಮತ್ತು ಅವನ ಇಬ್ಬರು ಮೇಷ್ಟ್ರಿಗೆ ಬಂದ ಉತ್ತರ 2.2%.

ಎಕ್ಸೆಲ್ ತಪ್ಪು ಯಾರಿಗಾದರೂ ಆಗಬಹುದು, ಅದರಲ್ಲಿ ರಾಜಕೀಯ ಇಲ್ಲ. ರಾಜಕೀಯ ಇದ್ದದ್ದು ಮೂರು ವರ್ಷ ಆ ಕಡತ ಹೊರಗಿನವರ ಪರೀಕ್ಷೆಗೆ ಒಳಗಾಗದೇ ಇದ್ದದ್ದರಲ್ಲಿ. ಬೇಕಾದ ಉತ್ತರ ಬಂದಾಗ ನಾವು ಮತ್ತೆ ಎಣಿಸುವುದಿಲ್ಲ. ಬೇಡದ ಉತ್ತರ ಬಂದರೆ ನಾಲ್ಕು ಸಲ ಎಣಿಸುತ್ತೇವೆ.

ನಮ್ಮ ದೇಶದ ಬಡತನದ ಲೆಕ್ಕದಲ್ಲೂ ಹೀಗೇನಾ?

ಇನ್ನೂ ಜಾಸ್ತಿ. 2022ರಲ್ಲಿ ಎರಡು ಪ್ರಬಂಧ ಹೆಚ್ಚುಕಮ್ಮಿ ಒಟ್ಟಿಗೇ ಬಂದವು. ಸುರ್ಜಿತ್ ಭಲ್ಲಾ, ಕರಣ್ ಭಾಸಿನ್, ಅರವಿಂದ ವಿರ್ಮಾನಿ ಬರೆದದ್ದರ ಪ್ರಕಾರ 2019ರಲ್ಲಿ ಭಾರತದ ಕಡುಬಡತನ 0.8%. ವಿಶ್ವಬ್ಯಾಂಕಿನ ಸುತೀರ್ಥ ಸಿನ್ಹಾ ರಾಯ್ ಮತ್ತು ರಾಯ್ ವಾನ್ ಡರ್ ವೈಡ್ ಪ್ರಕಾರ ಅದೇ ವರ್ಷ 10.2%. ಇಬ್ಬರೂ ಬಳಸಿದ್ದು ದಿನಕ್ಕೆ 1.9 ಡಾಲರ್‌ನ ಅದೇ ಬಡತನದ ಗೆರೆ. 140 ಕೋಟಿ ಜನರ ದೇಶದಲ್ಲಿ ಈ ಅಂತರ ಅಂದರೆ ಹದಿಮೂರು ಕೋಟಿ ಜನ ಬಡವರಾ ಅಲ್ವಾ ಅನ್ನುವ ಪ್ರಶ್ನೆ.

ಮೊದಲಿನವರು 2011-12ರ ಕುಟುಂಬ ಖರ್ಚಿನ ಸಮೀಕ್ಷೆ ಹಿಡಿದು, ರಾಷ್ಟ್ರೀಯ ಲೆಕ್ಕಪತ್ರದಲ್ಲಿ (ಜಿಡಿಪಿ ಲೆಕ್ಕ ಹಾಕುವ ಸರ್ಕಾರಿ ಅಂಕಿಗಳಲ್ಲಿ) ಕಾಣುವ ಖರ್ಚಿನ ಏರಿಕೆಯಂತೆ ಅದನ್ನು ಮುಂದಕ್ಕೆ ಎಳೆದರು, ಪಡಿತರದಲ್ಲಿ ಸಿಗುವ ಧಾನ್ಯದ ಬೆಲೆಯನ್ನೂ ಸೇರಿಸಿದರು. ಎರಡನೆಯವರು ಒಂದು ಖಾಸಗಿ ಸಂಸ್ಥೆಯ ಮನೆ ಮನೆ ಸಮೀಕ್ಷೆಯನ್ನು ತಿದ್ದಿ ತೂಗಿ ಬಳಸಿದರು. ಕೊನೆಗೆ ಇನ್ನೊಂದು ಸಣ್ಣ ವಿಷಯ, ಆದರೆ ಪರಿಣಾಮ ದೊಡ್ಡದು. ಮನೆಯವರನ್ನು "ಮೀನು, ತರಕಾರಿ, ಮೊಟ್ಟೆಗೆ ಕಳೆದ 30 ದಿನದಲ್ಲಿ ಎಷ್ಟು ಖರ್ಚಾಯ್ತು" ಅಂತ ಕೇಳುವುದಾ, "ಕಳೆದ 7 ದಿನದಲ್ಲಿ" ಅಂತ ಕೇಳುವುದಾ? ಏಳು ದಿನದ್ದು ಕೇಳಿದರೆ ಜನಕ್ಕೆ ಹೆಚ್ಚು ನೆನಪಿರುತ್ತದೆ, ಖರ್ಚು ಜಾಸ್ತಿ ಬರುತ್ತದೆ, ಬಡತನ ಕಡಿಮೆ ಕಾಣುತ್ತದೆ. ಭಲ್ಲಾ ತಂಡ ಈ ಏಳು ದಿನದ ಲೆಕ್ಕದ ಪರ.

ಸರ್ಕಾರದ ಪರ ಇದ್ದವರು ಒಂದು ಅಂಕಿ ಹಂಚಿದರು, ವಿರೋಧಿಗಳು ಇನ್ನೊಂದನ್ನು. ತರಕಾರಿಯ ಪ್ರಶ್ನೆಯನ್ನು ಕೇಳಿದವರು ತೀರಾ ಕಡಿಮೆ.

ತಮ್ಮ ಪಾಳಯಕ್ಕೆ ಬೇಡವಾದ ಉತ್ತರವನ್ನು ಹೇಳಿದವರು ಇದ್ದಾರಾ?

ಇದ್ದಾರೆ. ಉದ್ಯೋಗ ಖಾತ್ರಿಯ ಮೊದಲ ಕರಡು ಬರೆದವರಲ್ಲಿ ಜಾನ್ ಡ್ರೆಜ್ ಒಬ್ಬರು. ಅವರ ಒಲವು ಎಡಕ್ಕೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. 2002ರಲ್ಲಿ ಅವರೂ ಆಂಗಸ್ ಡೀಟನ್ ಅವರೂ ಸೇರಿ, 90ರ ದಶಕದಲ್ಲಿ ಭಾರತದ ಬಡತನ ಹಿಂದಿನ ವೇಗದಲ್ಲೇ ಇಳಿದಿದೆ ಅಂತ ತೋರಿಸಿದರು. ಉದಾರೀಕರಣದಿಂದ ಬಡತನ ಹೆಚ್ಚಿತು ಅನ್ನುತ್ತಿದ್ದವರಿಗೆ ಅದು ರುಚಿಸುವ ಮಾತಲ್ಲ. ರಾಜ್ಯ ರಾಜ್ಯಗಳ ನಡುವೆ, ಹಳ್ಳಿ ಪಟ್ಟಣದ ನಡುವೆ ಅಂತರ ಹೆಚ್ಚಿದೆ ಅಂತಲೂ ಅದರಲ್ಲೇ ಬರೆದರು, ಅದು ಇನ್ನೊಂದು ಪಾಳಯಕ್ಕೆ ರುಚಿಸಲಿಲ್ಲ. ಅರವಿಂದ ಸುಬ್ರಮಣಿಯನ್ 2018ರವರೆಗೆ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದವರು. 2019ರಲ್ಲಿ ಅವರೇ, 2011-12ರಿಂದ 2016-17ರ ನಡುವೆ ಜಿಡಿಪಿ ಬೆಳವಣಿಗೆ 7% ಅಲ್ಲ, 4.5%ರ ಆಸುಪಾಸು ಅಂದರು. ಪ್ರಧಾನಿಯ ಆರ್ಥಿಕ ಸಲಹಾ ಮಂಡಳಿ ಅದನ್ನು ತಳ್ಳಿಹಾಕಿತು. ಅವರ ವಿಧಾನ ಸರಿಯಿಲ್ಲ ಅಂತ ವಾದಿಸಬಹುದು, ಹಲವರು ವಾದಿಸಿದ್ದಾರೆ. ಆದರೆ ಪಕ್ಷದ ಹಣೆಪಟ್ಟಿ ಹಚ್ಚಿ ಅವರನ್ನು ವಿವರಿಸೋಕೆ ಆಗಲ್ಲ.

ಅಂಕಿ ಒಪ್ಪಿದ ಮೇಲೂ ಸಲಹೆ ಯಾಕೆ ಬೇರೆ?

ಯಾಕಂದ್ರೆ ಸಲಹೆ ಅಂಕಿಯಿಂದ ಮಾತ್ರ ಬರಲ್ಲ. ವಿಕ್ಟರ್ ಫ್ಯೂಕ್ಸ್, ಅಲನ್ ಕ್ರೂಗರ್, ಜೇಮ್ಸ್ ಪೊಟರ್ಬಾ 1998ರಲ್ಲಿ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರನ್ನು ಕೇಳಿ ನೋಡಿದ್ದರು. ಯಾವ ನೀತಿ ಬೇಕು ಅನ್ನುವ ನಿಲುವಿಗೆ ಅವರ ಅಂದಾಜು ಅಂಕಿಗಳಿಗಿಂತ ಅವರ ಮೌಲ್ಯಗಳ ಜೊತೆಗೇ ಹತ್ತಿರದ ನಂಟಿತ್ತು.

ನಮ್ಮ ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ದುಡ್ಡು ಇಲ್ಲ. ಎಷ್ಟು ಜನ ಹತ್ತಿದರು, ಸರ್ಕಾರ ನಿಗಮಗಳಿಗೆ ಎಷ್ಟು ಕೊಡಬೇಕು ಅನ್ನುವುದು ಲೆಕ್ಕ. ಇಬ್ಬರೂ ಒಪ್ಪಬಹುದು. ಆದರೆ ಆ ದುಡ್ಡನ್ನು ಹೊಸ ಬಸ್ಸಿಗೆ ಹಾಕಬೇಕಿತ್ತಾ, ಮನೆಗೆಲಸಕ್ಕೆ ಹೋಗುವ ಹೆಂಗಸಿನ ಕೈಯಲ್ಲಿ ತಿಂಗಳಿಗೆ ಉಳಿಯುವ ಹಣಕ್ಕೆ ಎಷ್ಟು ಬೆಲೆ ಕಟ್ಟಬೇಕು ಅನ್ನುವುದು ಲೆಕ್ಕ ಅಲ್ಲ. ಅದು ಆಯ್ಕೆ. ಅದನ್ನು ಆಯ್ಕೆ ಅಂತಲೇ ಹೇಳಿದರೆ ನನಗೆ ಯಾವ ತಕರಾರೂ ಇಲ್ಲ. "ಅರ್ಥಶಾಸ್ತ್ರ ಹೀಗೆ ಹೇಳುತ್ತದೆ" ಅಂತ ತಮ್ಮ ಇಷ್ಟವನ್ನು ವಿಜ್ಞಾನದ ಹೆಸರಲ್ಲಿ ಮಾರುವುದು ತಪ್ಪು, ಅದನ್ನು ಎಡದವರು ಮಾಡಿದರೂ ತಪ್ಪು, ಬಲದವರು ಮಾಡಿದರೂ ತಪ್ಪು.

ಹಾಗಾದರೆ ಇವರೆಲ್ಲ ಒಪ್ಪುವ ವಿಷಯವೇ ಇಲ್ವಾ?

ಬೇಕಾದಷ್ಟಿವೆ. ಶಿಕಾಗೋ ವಿಶ್ವವಿದ್ಯಾಲಯದ ಬೂತ್ ಬಿಸಿನೆಸ್ ಶಾಲೆ ಎಡ ಬಲ ಎರಡೂ ಕಡೆಯ ಹೆಸರಾಂತ ಅರ್ಥಶಾಸ್ತ್ರಜ್ಞರನ್ನು ಆಗಾಗ ಪ್ರಶ್ನೆ ಕೇಳುತ್ತದೆ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋದಂಥ ಊರುಗಳ ಬಾಡಿಗೆ ನಿಯಂತ್ರಣದಿಂದ ಒಳ್ಳೆಯದಾಗಿದೆ ಅಂತ ಒಪ್ಪಿದವರು ನೂರಕ್ಕೆ ಇಬ್ಬರು. ಈ ಉತ್ತರಗಳನ್ನು 2013ರಲ್ಲಿ ಪರೀಕ್ಷಿಸಿದ ರೋಜರ್ ಗಾರ್ಡನ್ ಮತ್ತು ಗಾರ್ಡನ್ ಡಾಲ್, ಹೆಚ್ಚು ಸಂಶೋಧನೆ ನಡೆದಿರುವ ಪ್ರಶ್ನೆಗಳಲ್ಲಿ ಒಮ್ಮತವೂ ಹೆಚ್ಚು ಅಂತ ಕಂಡುಕೊಂಡರು. ಪುರಾವೆ ಕಡಿಮೆ ಇರುವ ಕಡೆ ನಿಲುವಿಗೆ ಜಾಗ ಜಾಸ್ತಿ.

ನಾನು ಸಾಮಾನ್ಯ ಓದುಗ. ಒಂದು ವರದಿ ಕೈಗೆ ಬಂದಾಗ ಏನು ನೋಡಲಿ?

ಮೊದಲು ಹೋಲಿಕೆ ನೋಡಿ. ಯಾವ ವರ್ಷದಿಂದ ಶುರು, ಯಾವ ರಾಜ್ಯದ ಜೊತೆ? ಬರಗಾಲದ ವರ್ಷದಿಂದ ಶುರು ಮಾಡಿದರೆ ಯಾವ ಕೃಷಿ ನೀತಿಯೂ ಗೆದ್ದಂತೆ ಕಾಣುತ್ತದೆ. ಆಮೇಲೆ ಯಾರನ್ನು ಬಿಟ್ಟಿದ್ದಾರೆ ಅಂತ ಹುಡುಕಿ, ಅದು ಸಾಮಾನ್ಯವಾಗಿ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಒಂದು ಊಹೆ ಬದಲಿಸಿದರೆ ಉತ್ತರ ಎಷ್ಟು ಅಲ್ಲಾಡುತ್ತದೆ ಅಂತ ಅವರೇ ತೋರಿಸಿದ್ದರೆ ನಂಬಿಕೆ ಹೆಚ್ಚಿಸಿಕೊಳ್ಳಬಹುದು. ದುಡ್ಡು ಕೊಟ್ಟವರು ಯಾರು ಅಂತಲೂ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಇನ್ನೊಂದು ಮಾತು, ನಿಮಗೆ ಖುಷಿ ಕೊಟ್ಟ ವರದಿಗೂ ಇದನ್ನೆಲ್ಲ ಮಾಡಿ.

ಇದನ್ನು ಸರಿಪಡಿಸಲು ಯಾರಾದರೂ ಏನಾದರೂ ಮಾಡಿದ್ದಾರಾ?

ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘ ಸ್ವಲ್ಪ ಮಾಡಿದೆ. ಅದರ ಪತ್ರಿಕೆಗಳಲ್ಲಿ ಬರೆಯುವವರು ಯಾರಿಂದ ದುಡ್ಡು ಪಡೆದಿದ್ದಾರೆ ಅಂತ ಹೇಳಬೇಕು ಅನ್ನುವ ನಿಯಮ 2012ರಲ್ಲಿ ಬಂತು. ಪ್ರಯೋಗ ಶುರು ಮಾಡುವ ಮೊದಲೇ ಏನು ಅಳೆಯುತ್ತೇವೆ ಅಂತ ದಾಖಲಿಸುವ ನೋಂದಣಿ 2013ರಲ್ಲಿ ಶುರುವಾಯಿತು. ಲೇಖಕರು ಕಳಿಸಿದ ದತ್ತಾಂಶ, ಕೋಡ್ ಓಡಿಸಿದರೆ ನಿಜವಾಗಿ ಅದೇ ಉತ್ತರ ಬರುತ್ತಾ ಅಂತ ನೋಡಲು ಈಗ ಒಬ್ಬ ಸಂಪಾದಕರೇ ಇದ್ದಾರೆ.

ನಮ್ಮಲ್ಲಿ ತೊಂದರೆ ಅದಕ್ಕಿಂತ ಹಿಂದಿನ ಹಂತದ್ದು. ಎಣಿಸೋಕೆ ದತ್ತಾಂಶವೇ ಸಿಗಲಿಲ್ಲ. 2017-18ರ ಕುಟುಂಬ ಖರ್ಚಿನ ಸಮೀಕ್ಷೆ ನಡೆಯಿತು, ಆದರೆ ಗುಣಮಟ್ಟ ಸರಿಯಿಲ್ಲ ಅಂತ ಹೇಳಿ 2019ರ ನವೆಂಬರ್‌ನಲ್ಲಿ ಸರ್ಕಾರ ಅದನ್ನು ಪ್ರಕಟಿಸುವುದಿಲ್ಲ ಅಂದಿತು. ಅದೇ ವರ್ಷ ಮಾರ್ಚ್‌ನಲ್ಲಿ 108 ಅರ್ಥಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು ಅಂಕಿಅಂಶದಲ್ಲಿ ರಾಜಕೀಯ ಹಸ್ತಕ್ಷೇಪ ಬೇಡ ಅಂತ ಪತ್ರ ಬರೆದಿದ್ದರು. ಕೆಲವೇ ದಿನಗಳಲ್ಲಿ 131 ಚಾರ್ಟರ್ಡ್ ಅಕೌಂಟೆಂಟ್‌ಗಳು ಅದಕ್ಕೆ ವಿರುದ್ಧ ಪತ್ರ ಬರೆದರು. ಸಹಿಗಳ ಪೈಪೋಟಿ ನಡೆಯಿತು, ಸಮೀಕ್ಷೆ ಮಾತ್ರ ಹೊರಗೆ ಬರಲಿಲ್ಲ. 2011-12ರ ನಂತರ ಮೊದಲು ಪ್ರಕಟವಾದ ಸಮೀಕ್ಷೆ 2022-23ರದ್ದು. 0.8 ಮತ್ತು 10.2ರ ಜಗಳಕ್ಕೆ ಮುಖ್ಯ ಕಾರಣವೂ ಈ ಹನ್ನೊಂದು ವರ್ಷದ ಖಾಲಿ ಜಾಗವೇ. ಸಮೀಕ್ಷೆ ಸರಿಯಿಲ್ಲ ಅನಿಸಿದರೆ ಸರಿಯಿಲ್ಲ ಅಂತ ಬರೆದೇ ಹೊರಗೆ ಹಾಕಲಿ. ಎಲ್ಲಿ ತಪ್ಪಾಗಿದೆ ಅಂತ ಎಡದವರೂ ನೋಡಲಿ, ಬಲದವರೂ ನೋಡಲಿ, ಯಾವುದೋ ಕಾಲೇಜಿನ ಒಬ್ಬ ವಿದ್ಯಾರ್ಥಿಯೂ ಕಡತ ತೆರೆದು ನೋಡಲಿ.